ನಿಧಾನದಿಂದ ಉಳಿತಾಯ ಹೇಗೆ?

ತಿಪಟೂರಿನ ಕೊಬ್ಬರಿ ಧಾರಣೆಯನ್ನು ತುರುವೇಕೆರೆಯ ತೋಟದಲ್ಲಿ ನಿಂತೇ ಮೊಬೈಲಿನಲ್ಲಿ ತಿಳಿಯುವ ರೈತನಿಗೆ, ಕರೆಂಟಿಲ್ಲದ ದಿನ ಬ್ಯಾಟರಿಯು ಸಂಜೆಯವರೆಗೆ ಬರುವುದೇ ಮುಖ್ಯ. ಇದಕ್ಕೆ ನೆರವಾಗಲು ಒಳಗಿನ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೇಗೆಂಬುದನ್ನು ವಿಚಾರಿಸೋಣ.

ಪ್ರೊಸೆಸರಿನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿವೆ. ಗಡಿಯಾರದ ತಾಳಕ್ಕೆ ಅವು ತೆರೆದು ಮುಚ್ಚುವಾಗ ಅಲ್ಪ ವಿದ್ಯುದಾವೇಶವು ತುಂಬಿ ಬರಿದಾಗುತ್ತದೆ. ಹೀಗೆ ವ್ಯಯವಾಗುವ ಸಾಮರ್ಥ್ಯವು ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ.

ವೇಗವನ್ನು ಮಾತ್ರ ಅರ್ಧಮಾಡಿದರೆ ಸಾಮರ್ಥ್ಯವೂ ಅರ್ಧವಾದೀತು. ಆದರೆ ಕೆಲಸಕ್ಕೆ ಇಮ್ಮಡಿ ಕಾಲ ಹಿಡಿಯುವುದರಿಂದ ಒಟ್ಟು ಶಕ್ತಿಯಲ್ಲಿ ಉಳಿತಾಯವಿಲ್ಲ! ಗುಟ್ಟಿರುವುದು ವೋಲ್ಟೇಜಿನಲ್ಲಿ. ವೇಗ ತಗ್ಗಿದಾಗ ಟ್ರಾನ್ಸಿಸ್ಟರಿಗೆ ಹೆಚ್ಚು ಅವಧಿ ದೊರೆಯುವುದರಿಂದ ಕಡಿಮೆ ವೋಲ್ಟೇಜೇ ಸಾಕಾಗುತ್ತದೆ. ಅದನ್ನು ೧ ವೋಲ್ಟಿನಿಂದ ೦.೭ಕ್ಕೆ ಇಳಿಸಿದೆವೆನ್ನಿ, ಅದೇ ಕೆಲಸಕ್ಕೆ ಮೊದಲಿನ ಶಕ್ತಿಯ ೦.೪೯ ಭಾಗ, ಅಂದರೆ ಸುಮಾರು ಅರ್ಧ, ಸಾಕು. ಇಂಟೆಲ್ ಸಂಸ್ಥೆಯು ೨೦೦೦ದಲ್ಲಿ ಲ್ಯಾಪ್‌ಟಾಪುಗಳಿಗೆ ಈ ಉಪಾಯವನ್ನು ‘ಸ್ಪೀಡ್‌ಸ್ಟೆಪ್’ ಎಂಬ ಹೆಸರಿನಿಂದ ತಂದಿತು.

ಆದರೆ ಅತಿ ನಿಧಾನವೂ ಸಲ್ಲದು. ಸುಮ್ಮನಿದ್ದಾಗಲೂ ಟ್ರಾನ್ಸಿಸ್ಟರುಗಳಲ್ಲಿ ತುಸು ವಿದ್ಯುತ್ತು ಸೋರುತ್ತಿರುತ್ತದೆ. ಕೆಲಸ ಎಳೆದಷ್ಟೂ ಸೋರಿಕೆ ಹೆಚ್ಚು. ಆದುದರಿಂದ ಬೇಗನೆ ಮುಗಿಸಿ ನಿದ್ರಿಸುವುದೇ ಲೇಸಾಗುವ ಸಂದರ್ಭಗಳೂ ಉಂಟು. ಇವೆರಡರ ನಡುವಣ ಹದವನ್ನು ಅರಸುತ್ತಿರುವುದರಿಂದಲೇ ಆ ರೈತನ ಬ್ಯಾಟರಿಯು ಇನ್ನಷ್ಟು ಹೊತ್ತು ಬಾಳುತ್ತದೆ.