ಅಂಡಾಶಯ, ಇನ್ಸುಲಿನ್ ಮತ್ತು ದೇಹದ ತೂಕ

ಮದುವೆಯಾಗಿ ಕೆಲವು ವರ್ಷಗಳು ಕಳೆದರೂ ಮಕ್ಕಳಾಗದಿದ್ದರೆ ಜನರು ಮೊದಲು ಬೊಟ್ಟುಮಾಡುವುದು ಹೆಣ್ಣಿನ ಕಡೆಗೆ. ಅವಳು ದಪ್ಪಗಿದ್ದರಂತೂ 'ತಿಂದು ಕೊಬ್ಬಿದ್ದಾಳೆ' ಎಂಬ ಮಾತೂ ಸೇರಿಕೊಳ್ಳುತ್ತದೆ. ಈ ಮಾತಿನಲ್ಲಿ ಕರುಣೆಯಿಲ್ಲವೆಂಬುದು ಹಾಗಿರಲಿ, ವಿಜ್ಞಾನವೂ ಇಲ್ಲ. ತೂಕಕ್ಕೂ ಗರ್ಭಧಾರಣೆಗೂ ಇರುವ ನಿಜವಾದ ಸಂಬಂಧವೇನೆಂಬುದನ್ನು, ಪಿಸಿಓಎಸ್ ಎಂದು ವೈದ್ಯರು ಕರೆಯುವ ತೊಂದರೆಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ.

1935ರಲ್ಲಿ ಶಿಕಾಗೋ ನಗರದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಎಂಬವರು ಏಳು ಮಂದಿ ಸ್ತ್ರೀಯರ ವಿಷಯವನ್ನು ವರದಿಮಾಡಿದರು. ಅವರ ಋತುಚಕ್ರ ಕ್ರಮತಪ್ಪಿತ್ತು. ಅಂಡಾಶಯಗಳಲ್ಲಿ ದ್ರವ ತುಂಬಿದ ಪುಟ್ಟ ಚೀಲಗಳು ಅನೇಕವಿದ್ದವು. ಈ ಚೀಲಗಳನ್ನು 'ಸಿಸ್ಟ್' ಎಂದು ಭಾವಿಸಿದುದರಿಂದ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬ ಹೆಸರು ರೂಢಿಗೆ ಬಂದಿತು. ಆದರೆ ಹೆಸರು ದಾರಿತಪ್ಪಿಸುವಂಥದು. ಅವು ಗೆಡ್ಡೆಗಳಲ್ಲ, ಬೆಳವಣಿಗೆ ಅರ್ಧಕ್ಕೆ ನಿಂತ ಅಂಡಪುಟಕಗಳು. ಆರೋಗ್ಯವಂತ ಅಂಡಾಶಯದಲ್ಲಿ ತಿಂಗಳಿಗೊಮ್ಮೆ ಸಾಮಾನ್ಯವಾಗಿ ಒಂದು ಪುಟಕವು ಪಕ್ವವಾಗಿ ಒಡೆದು, ಅಂಡವನ್ನು ಹೊರಬಿಡುತ್ತದೆ. ಇದೇ ಅಂಡೋತ್ಸರ್ಗ. ಅಂಡವೇ ಹೊರಬಾರದಿದ್ದರೆ ಗರ್ಭ ನಿಲ್ಲುವುದೆಂತು?

ಪುಟಕಗಳು ಅರ್ಧದಲ್ಲೇ ನಿಲ್ಲುವುದೇಕೆ? ಕಾರಣಗಳಲ್ಲಿ ಮುಖ್ಯವಾದುದು ಇನ್ಸುಲಿನ್. ರಕ್ತದ ಸಕ್ಕರೆಯನ್ನು ಸ್ನಾಯುಗಳಿಗೆ ಸೇರಿಸುವ ಈ ಹಾರ್ಮೋನು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುತ್ತದೆ. ಪಿಸಿಓಎಸ್ ಇರುವ ಅನೇಕರಲ್ಲಿ ಸ್ನಾಯುಗಳು ಅದರ ಕರೆಗೆ ಸರಿಯಾಗಿ ಓಗೊಡುವುದಿಲ್ಲ. ಆಗ ಗ್ರಂಥಿಯು ಇನ್ನಷ್ಟು ಇನ್ಸುಲಿನ್ನನ್ನು ಸ್ರವಿಸುತ್ತದೆ. ಮನೆಯಲ್ಲಿ ಒಬ್ಬರಿಗೆ ಕಿವಿ ಮಂದವಾದರೆ ಉಳಿದವರು ಕೂಗಿ ಮಾತನಾಡಬೇಕಾಗುತ್ತದಷ್ಟೆ; ಆ ಕೂಗು ಕಿವಿ ಚೆನ್ನಾಗಿರುವವರಿಗೆ ಬಾಧೆಯಾಗುತ್ತದೆ. ಅಂಡಾಶಯದ ಕಿವಿ ಮಂದವಾಗಿರುವುದಿಲ್ಲ. ಹೆಚ್ಚಿದ ಇನ್ಸುಲಿನ್ನಿನ ಪ್ರಚೋದನೆಯಿಂದ ಅದು ಆಂಡ್ರೋಜನ್ ಎಂಬ ಪುರುಷ ಹಾರ್ಮೋನನ್ನು ಅಗತ್ಯಕ್ಕಿಂತ ಅಧಿಕವಾಗಿ ತಯಾರಿಸುತ್ತದೆ. ಆಂಡ್ರೋಜನ್ನನ್ನು ಹಿಡಿದಿಡುವ ಪ್ರೋಟೀನನ್ನು ಯಕೃತ್ತು ಉತ್ಪಾದಿಸುತ್ತದೆ. ಇನ್ಸುಲಿನ್ ಏರಿದಾಗ ಅದೂ ಕಡಿಮೆಯಾಗುತ್ತದೆ. ಪುಟಕದ ಬೆಳವಣಿಗೆಗೆ ಅಡ್ಡಿ, ಮೊಡವೆ, ಮುಖದ ಮೇಲೆ ರೋಮ ಇವೆಲ್ಲ ಇದರ ಫಲಗಳು.

ಹೊಟ್ಟೆಯೊಳಗೆ ಸಂಗ್ರಹವಾದ ಕೊಬ್ಬು ಸ್ನಾಯುಗಳ ಈ ಕಿವುಡುತನವನ್ನು ಹೆಚ್ಚಿಸುತ್ತದೆ. ತೂಕದ ಪಾತ್ರವಿರುವುದು ಇಲ್ಲಿಯೇ. ಆದರೆ ತೆಳ್ಳಗಿರುವವರಲ್ಲಿಯೂ ಪಿಸಿಓಎಸ್ ಉಂಟು. ಅನುವಂಶೀಯತೆಯ ಪಾಲೂ ಇದೆ. ಆದುದರಿಂದ ಇದನ್ನು ಹೊಟ್ಟೆಬಾಕತನದ ಶಿಕ್ಷೆಯೆನ್ನುವುದು ತಪ್ಪು.

ಕೊಬ್ಬು ಕರಗಿದರೆ ಏನಾಗುತ್ತದೆ? ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ, ಅಂಡೋತ್ಸರ್ಗ ನಿಂತುಹೋಗಿದ್ದ ಸ್ಥೂಲದೇಹದ ಸ್ತ್ರೀಯರಿಗೆ ಆರು ತಿಂಗಳ ಕಾಲ ಆಹಾರ ಮತ್ತು ವ್ಯಾಯಾಮದ ಶಿಕ್ಷಣ ನೀಡಲಾಯಿತು. 1995ರಲ್ಲಿ ಪ್ರಕಟವಾದ ವರದಿಯಂತೆ, ಕಾರ್ಯಕ್ರಮವನ್ನು ಪೂರೈಸಿದ 13 ಮಂದಿ ಸರಾಸರಿ 6.3 ಕಿಲೋಗ್ರಾಂ ಇಳಿದರು. ಅವರಲ್ಲಿ 12 ಮಂದಿಗೆ ಅಂಡೋತ್ಸರ್ಗ ಮರಳಿತು. 11 ಮಂದಿ ಗರ್ಭ ಧರಿಸಿದರು, ಕೆಲವರು ಚಿಕಿತ್ಸೆಯ ನೆರವಿನಿಂದ. ಸಂಖ್ಯೆ ಚಿಕ್ಕದು, ಆದರೂ ತೆಳ್ಳಗಾಗುವವರೆಗೆ ಕಾಯಬೇಕಿಲ್ಲವೆಂಬ ಅಂಶ ಗಮನಾರ್ಹ. ತೂಕದ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಅನೇಕರಿಗೆ ಗುಣ ಕಾಣುತ್ತದೆ. 80 ಕಿಲೋಗ್ರಾಂ ತೂಗುವವಳಿಗೆ ಇದು ನಾಲ್ಕರಿಂದ ಎಂಟು ಕಿಲೋಗ್ರಾಂ ಮಾತ್ರ.

ಹಾಗೆಂದು ಇದನ್ನು ಸಿದ್ಧೌಷಧಿಯೆಂದು ತಿಳಿಯಬಾರದು. ಬಂಜೆತನದಿಂದ ಬಳಲುವ ಸ್ಥೂಲದೇಹದ ಸ್ತ್ರೀಯರ ಬಗ್ಗೆ ನೆದರ್‌ಲೆಂಡ್ಸಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಮೊದಲು ತೂಕ ಇಳಿಸಲು ಯತ್ನಿಸಿದವರಲ್ಲಿ ಸಹಜ ಗರ್ಭಧಾರಣೆ ಹೆಚ್ಚಾಯಿತು. ಆದರೆ ಕೂಡಲೇ ಚಿಕಿತ್ಸೆ ಪಡೆದವರಿಗಿಂತ ಅವರಿಗೆ ಹೆಚ್ಚು ಆರೋಗ್ಯಕರ ಹೆರಿಗೆಗಳು ಆಗಲಿಲ್ಲ. ವಯಸ್ಸು ಏರಿದಂತೆ ಅಂಡಗಳು ಕ್ಷೀಣಿಸುತ್ತವೆ. ಆದುದರಿಂದ ತೂಕದ ನೆಪದಲ್ಲಿ ವೈದ್ಯರ ಸಲಹೆಯನ್ನು ವರ್ಷಾನುಗಟ್ಟಲೆ ಮುಂದೂಡುವುದು ಜಾಣತನವಲ್ಲ.

ಉಪವಾಸ ಬೇಕಿಲ್ಲ. ತಟ್ಟೆಯಲ್ಲಿ ಅನ್ನವನ್ನು ತಗ್ಗಿಸಿ ಕಾಳು, ತರಕಾರಿಗಳನ್ನು ಹೆಚ್ಚಿಸುವುದು, ಸಿಹಿ ಪಾನೀಯಗಳನ್ನು ಬಿಡುವುದು, ದಿನವೂ ಬಿರುಸಾಗಿ ನಡೆಯುವುದು ಒಳ್ಳೆಯ ಆರಂಭ. ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ಕರೆಯನ್ನು ಮತ್ತೆ ಚೆನ್ನಾಗಿ ಕೇಳಿಸಿಕೊಳ್ಳತೊಡಗುತ್ತವೆ. ತಕ್ಕಡಿಯ ಮುಳ್ಳು ಅಲುಗದಿದ್ದರೂ ಈ ಲಾಭ ಸಿಕ್ಕುತ್ತದೆ.

ಮಕ್ಕಳಾಗದಿರುವುದಕ್ಕೆ ಗಂಡನಲ್ಲಿಯೂ ಕಾರಣವಿರಬಹುದು. ಪರೀಕ್ಷೆ ಇಬ್ಬರಿಗೂ ಆಗಬೇಕು. ದೂಷಣೆಯಿಂದ ಯಾರ ಇನ್ಸುಲಿನ್ನೂ ಇಳಿಯದು. ಮನೆಯವರೆಲ್ಲರೂ ಊಟದ ಕ್ರಮವನ್ನು ಬದಲಿಸಿಕೊಂಡು, ಸಂಜೆ ಅವಳೊಡನೆ ನಡೆದಾಡಿದರೆ ಅದರಿಂದ ನಿಜವಾದ ಸಹಾಯವಾದೀತು.