ಭಾವಚಿತ್ರದಲ್ಲಿ ವ್ಯಕ್ತಿ ಎದ್ದುಕಾಣಲು ಹಿನ್ನೆಲೆಯ ತಿದ್ದುಪಡಿ

ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಸ್ಥಾಪಿಸಿದ ತರುವಾಯ ಕೆಂಪು ಹೆಂಚು ಮಂಗಳೂರಿನ ಗುರುತಾಯಿತು. ಇಲ್ಲಿನ ಉದ್ಯಮಿಗಳ ಭಾವಚಿತ್ರಗಳಿಗೆ ಇಂದಿಗೂ ಹೆಂಚು, ಮುರಕಲ್ಲಿನ ಗೋಡೆ ಹಿನ್ನೆಲೆಯಾಗುವುದುಂಟು. ಇವುಗಳ ಕೆಂಪು-ಕಿತ್ತಳೆ ವರ್ಣವು ಮೈಬಣ್ಣಕ್ಕೆ ಸಮೀಪವಾದುದರಿಂದ ಮುಖವು ಗೋಡೆಯಲ್ಲಿ ಬೆರೆತುಹೋಗುತ್ತದೆ. ಸಂಸ್ಥೆಯ ಪರಿಚಯ ಪುಸ್ತಿಕೆಯಲ್ಲಿ ಚಿತ್ರ ಚಿಕ್ಕದಾದಾಗ ಈ ದೋಷ ಇನ್ನಷ್ಟು ಹೆಚ್ಚುತ್ತದೆ.

ಇದಕ್ಕೆ ಮುಖವನ್ನು ಬೆಳ್ಳಗಾಗಿಸುವುದು ಪರಿಹಾರವಲ್ಲ. ನೋಡುವವರ ಕಣ್ಣು ಸುತ್ತಲಿಗಿಂತ ಬೆಳಕುಳ್ಳ, ಸ್ಫುಟವಾದ ಭಾಗದತ್ತ ಮೊದಲು ಸಾಗುತ್ತದೆ. ಆದುದರಿಂದ ಹಿನ್ನೆಲೆಯನ್ನೇ ತಗ್ಗಿಸಬೇಕು. ಫೋಟೋಶಾಪ್ ಅಥವಾ ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶದಲ್ಲಿ ಮೂಲಚಿತ್ರದ ಪ್ರತಿಯನ್ನು ತೆರೆದು, ವ್ಯಕ್ತಿಯನ್ನು ಹೊರತುಪಡಿಸಿ ಉಳಿದ ಭಾಗವನ್ನು ಆಯ್ದುಕೊಳ್ಳಬೇಕು. ಅದರ ಬಣ್ಣದ ಗಾಢತೆಯನ್ನು ಮೊದಲು ಇಳಿಸಿ, ಬಳಿಕ ಬೆಳಕನ್ನು ಕಪ್ಪು ಕೂದಲು ಮುಳುಗಿಹೋಗದಷ್ಟು ಮಾತ್ರ ಕುಗ್ಗಿಸಿ, ಕೊನೆಗೆ ಲಘುವಾಗಿ ಮಸುಕುಗೊಳಿಸಬೇಕು. ಆಯ್ಕೆಯ ಅಂಚನ್ನು ಮೃದುಗೊಳಿಸದಿದ್ದರೆ ಆಕೃತಿಯನ್ನು ಕತ್ತರಿಸಿ ಅಂಟಿಸಿದಂತೆ ಕಾಣುವುದು. ಮುದ್ರಣಕ್ಕೆ ಅಂಗುಲವೊಂದಕ್ಕೆ 300 ಚುಕ್ಕೆಗಳ ಸಾಂದ್ರತೆ ಉಳಿದಿರಲಿ.

ವ್ಯಕ್ತಿಯ ಕೈಯಲ್ಲಿ ಮಾರಾಟದ ಸರಕಿದ್ದರೆ ಅದರ ಬಣ್ಣ, ಗಾತ್ರಗಳನ್ನು ಬದಲಿಸಕೂಡದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.