ಕೂದಲಿಗೆ ಬ್ಲೀಚ್: ಮೊದಲು ಎಳೆಯ ಪರೀಕ್ಷೆ, ಆಮೇಲೆ ತಲೆ

ಕಪ್ಪು ಕೂದಲನ್ನು ತಿಳಿಬಣ್ಣಕ್ಕೆ ತರಬೇಕಾದರೆ ಮೇಲೆ ಬಣ್ಣ ಬಳಿದರೆ ಸಾಲದು, ಒಳಗಿರುವ ಬಣ್ಣವನ್ನೇ ತೆಗೆಯಬೇಕು. ಕೂದಲಿನ ಕಪ್ಪಿಗೆ ಕಾರಣ ಮೆಲನಿನ್. ಹೈಡ್ರೋಜನ್ ಪೆರಾಕ್ಸೈಡ್ ಹೊರಪದರ ದಾಟಿ ಒಳಗಿಳಿದು ಅದನ್ನು ಒಡೆಯುತ್ತದೆ. ಒಮ್ಮೆ ಒಡೆದದ್ದು ಮರಳಿ ಬರುವುದಿಲ್ಲ, ಹೊಸ ಕೂದಲೇ ಬೆಳೆಯಬೇಕು. ಅದು ತಿಂಗಳಿಗೆ ಸುಮಾರು 1 ಸೆಂ.ಮೀ. ಮಾತ್ರ ಬೆಳೆಯುತ್ತದೆ. ಬಣ್ಣ ಇಳಿಯುವುದಕ್ಕೂ ಒಂದು ಕ್ರಮವಿದೆ: ಮೊದಲು ಕೆಂಗಂದು, ಆಮೇಲೆ ತಾಮ್ರ, ಕಿತ್ತಳೆ, ಹಳದಿ, ಕಟ್ಟಕಡೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತಿಳಿಹಳದಿ. ಕಡಿಮೆ ಖರ್ಚಿನಲ್ಲಿ, ಮನೆಯಲ್ಲಿ, ಒಂದೇ ಸಲಕ್ಕೆ ಕೂದಲು ಹೆಚ್ಚು ಕೆಡದಂತೆ ಮುಟ್ಟಬಹುದಾದ ಬಣ್ಣ ತಾಮ್ರಗಂದು. ಅಷ್ಟಕ್ಕೆ ತೃಪ್ತಿಪಡುವವರು ಮಾತ್ರ ಈ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು.

ಹಾವೇರಿ ಜಿಲ್ಲೆಯ ದುಂಡಸಿ, ತಡಸ, ಬಂಕಾಪುರದ ಕಡೆಯ ಕ್ಷೌರದಂಗಡಿಗಳಲ್ಲಿ ಹೆಚ್ಚಾಗಿ ನಡೆಯುವುದು ಕಟಿಂಗ್ ಮತ್ತು ಕಪ್ಪು ಡೈ. ತಿಳಿಬಣ್ಣ ಬೇಕೆಂದರೆ ಹುಬ್ಬಳ್ಳಿಯ ಸಲೂನಿಗೆ ಹೋಗಬೇಕು, ಅದು ದುಬಾರಿ. ಹೀಗಾಗಿ ಜಾತ್ರೆ, ಮದುವೆ ಹತ್ತಿರ ಬಂದಾಗ ಯುವಕರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಬೇಕಾದ ಸಾಮಾನು ಹೆಚ್ಚಿಲ್ಲ: ಕೂದಲಿಗೆಂದೇ ಮಾರುವ ಬ್ಲೀಚ್ ಪುಡಿ, ಶೇಕಡಾ 6 ಅಂದರೆ 20 ವಾಲ್ಯೂಮ್‌ನ ಕ್ರೀಮ್ ಡೆವಲಪರ್ (ಪೆರಾಕ್ಸೈಡ್ ಕ್ರೀಮ್), ಡೈ ಹಚ್ಚುವ ಬ್ರಷ್, ಪ್ಲಾಸ್ಟಿಕ್ ಬಟ್ಟಲು, ಕೈಗವಸು, ವ್ಯಾಸಲೀನ್. ಇವೆಲ್ಲ ದೊಡ್ಡ ಫ್ಯಾನ್ಸಿ ಸ್ಟೋರುಗಳಲ್ಲಿ ಸಿಗುತ್ತವೆ. ಬೇಗ ಆಗಲೆಂದು 30 ಅಥವಾ 40 ವಾಲ್ಯೂಮ್ ತರಬಾರದು.

ಔಷಧದಂಗಡಿಯ ಪೆರಾಕ್ಸೈಡ್ ಸೀಸೆ ಅಗ್ಗವಾದರೂ ಈ ಕೆಲಸಕ್ಕೆ ಬೇಡ. ಅದು ನೀರಿನಷ್ಟೇ ತೆಳು, ಹಣೆಯಿಂದ ಕಣ್ಣಿಗೆ ಇಳಿಯುತ್ತದೆ. ಪಂಚಾಯಿತಿಯವರು ಗಟಾರಕ್ಕೆ, ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಅಂತೂ ತಲೆಯ ಹತ್ತಿರಕ್ಕೂ ಬರಬಾರದು. ಅದು ಕ್ಲೋರಿನ್ ಪುಡಿ, ಚರ್ಮವನ್ನೇ ಸುಡುತ್ತದೆ. ಲಿಂಬೆರಸ ಹಚ್ಚಿ ಬಿಸಿಲಿಗೆ ಕೂರುವುದರಿಂದ ಕಪ್ಪು ಕೂದಲು ಒಣಗುವುದೇ ಹೆಚ್ಚು, ಬಣ್ಣ ಬಿಡುವುದು ಕಡಿಮೆ.

ಮೊದಲೇ ಮೆಹಂದಿ ಹಚ್ಚಿದ್ದ ಕೂದಲಿಗೆ ಬ್ಲೀಚ್ ಹಾಕುವಾಗ ಎಚ್ಚರ ಬೇಕು. ಬೇಲಿಯ ಗೋರಂಟಿ ಸೊಪ್ಪನ್ನು ರುಬ್ಬಿ ಹಚ್ಚಿದ್ದರೆ ಕೆಂಪು ಬಿಡುವುದು ಕಷ್ಟವಾಗುತ್ತದೆ, ಅಷ್ಟೇ. ಆದರೆ ಪೊಟ್ಟಣದಲ್ಲಿ ಬರುವ ಕಪ್ಪು ಮೆಹಂದಿಯ ಮಾತು ಬೇರೆ. ಅವುಗಳಲ್ಲಿ ಕೆಲವಕ್ಕೆ ಲೋಹದ ಲವಣ ಬೆರೆಸಿರುತ್ತಾರೆ, ಅದು ಕೂದಲಿನಲ್ಲೇ ಉಳಿಯುತ್ತದೆ. ಅದರ ಮೇಲೆ ಪೆರಾಕ್ಸೈಡ್ ಬಿದ್ದರೆ ಲೋಹವು ಪೆರಾಕ್ಸೈಡನ್ನು ರಭಸದಿಂದ ಒಡೆಯುತ್ತದೆ, ಮಿಶ್ರಣ ಕಾಯುತ್ತದೆ, ನೊರೆ ಏಳುತ್ತದೆ, ಕೂದಲು ಹಸಿರು ತಿರುಗಬಹುದು ಇಲ್ಲವೇ ಅಂಟಂಟಾಗಿ ತುಂಡಾಗಿ ಕೈಗೆ ಬರಬಹುದು. ಹಚ್ಚಿದ್ದು ಎರಡು ತಿಂಗಳ ಹಿಂದೆ, ಈಗ ಬಣ್ಣ ಹೋಗಿದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಣ್ಣ ಮಾಸಿದರೂ ಲವಣ ಉಳಿದಿರಬಹುದು.

ಇದಕ್ಕೆ ಪರೀಕ್ಷೆ ಸುಲಭ. ಕಟಿಂಗ್ ಮಾಡಿಸುವಾಗ ಬಿದ್ದ ಸ್ವಂತ ಕೂದಲಿನ ಇಪ್ಪತ್ತು ಮೂವತ್ತು ಎಳೆಗಳನ್ನು ದಾರದಿಂದ ಕಟ್ಟಿ, ಪ್ಲಾಸ್ಟಿಕ್ ಮುಚ್ಚಳದಲ್ಲಿಟ್ಟು, ಪುಡಿ ಮತ್ತು ಡೆವಲಪರ್ ಬೆರೆಸಿದ ಒಂದು ಚಮಚ ಬ್ಲೀಚ್ ಮಿಶ್ರಣದಲ್ಲಿ (ಅಳತೆ ಮುಂದಿದೆ) ಮುಳುಗಿಸಬೇಕು. ಆಗಾಗ ಮುಚ್ಚಳದ ತಳ ಮುಟ್ಟಿ ನೋಡಬೇಕು. ಬಿಸಿ ಹತ್ತಿದರೆ, ನೊರೆ ಉಕ್ಕಿದರೆ, ಹಸಿರು ಕಂಡರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಏನೂ ಆಗದಿದ್ದರೆ 30 ನಿಮಿಷ ಬಿಟ್ಟು ತೊಳೆದು, ಹಸಿ ಇರುವಾಗಲೇ ಎಳೆಯನ್ನು ಮೆಲ್ಲಗೆ ಎಳೆಯಬೇಕು. ತುಸು ಹಿಗ್ಗಿ ಮತ್ತೆ ಮೊದಲಿನಂತಾದರೆ ಕೂದಲು ತಡೆಯುತ್ತದೆ. ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿದರೆ, ತುಂಡಾದರೆ ತಡೆಯುವುದಿಲ್ಲ. ಎಷ್ಟು ನಿಮಿಷಕ್ಕೆ ಯಾವ ಬಣ್ಣ ಬಂತೆಂಬುದೂ ಇಲ್ಲೇ ತಿಳಿಯುತ್ತದೆ. ಪರೀಕ್ಷೆಯಲ್ಲಿ ಸೋತವರು ಕೂದಲು ಬೆಳೆಸುತ್ತ, ಕತ್ತರಿಸುತ್ತ ಕಾಯಬೇಕು. 4 ಸೆಂ.ಮೀ. ಕೂದಲಿನ ಗಂಡಸಿಗೆ ನಾಲ್ಕೈದು ತಿಂಗಳಲ್ಲಿ ಹಳೆಯದೆಲ್ಲ ಕತ್ತರಿಗೆ ಹೋಗಿರುತ್ತದೆ. ಉದ್ದ ಕೂದಲಿನವರಿಗೆ ಈ ಅನುಕೂಲವಿಲ್ಲ.

ಚರ್ಮ ತಡೆಯುತ್ತದೆಯೇ ಎಂದು ತಿಳಿಯಲು ಅದೇ ಮಿಶ್ರಣದ ಒಂದು ಹನಿಯನ್ನು ಕಿವಿಯ ಹಿಂದೆ ಹಚ್ಚಿ, ತೊಳೆದು, 48 ಗಂಟೆ ನೋಡಬೇಕು. ತುರಿಕೆ, ಗುಳ್ಳೆ ಬಂದವರು, ತಲೆಯಲ್ಲಿ ಗಾಯ ಇರುವವರು ಕೈಬಿಡಬೇಕು. ಪುಡಿಯಲ್ಲಿರುವ ಪರ್ಸಲ್ಫೇಟ್ ಉಬ್ಬಸ ಕೆರಳಿಸುತ್ತದೆ, ಆದ್ದರಿಂದ ಉಬ್ಬಸ ಇರುವವರಿಗೂ ಇದು ಬೇಡ.

ಬ್ಲೀಚ್ ಹಚ್ಚುವ ಎರಡು ದಿನ ಮೊದಲೇ ತಲೆ ತೊಳೆಯುವುದನ್ನು ನಿಲ್ಲಿಸಬೇಕು. ಚರ್ಮದ ಜಿಡ್ಡು ಉರಿ ತಡೆಯುತ್ತದೆ. ಹಣೆ, ಕಿವಿ, ಕುತ್ತಿಗೆಗೆ ವ್ಯಾಸಲೀನ್ ಸವರಿ, ಹಳೆಯ ಅಂಗಿ ತೊಟ್ಟು, ಗಾಳಿಯಾಡುವ ಪಡಸಾಲೆಯಲ್ಲಿ ಕೂರಬೇಕು. ಪೊಟ್ಟಣದಲ್ಲಿ ಬೇರೆ ಅಳತೆ ಹೇಳಿರದಿದ್ದರೆ 30 ಗ್ರಾಂ ಪುಡಿಗೆ 60 ಮಿ.ಲೀ. ಡೆವಲಪರ್ ಸಾಕು. ಸ್ಟೀಲ್, ತಾಮ್ರ, ಅಲ್ಯೂಮಿನಿಯಂ ಪಾತ್ರೆ ಬಳಸಬಾರದು. ಉಳಿದ ಮಿಶ್ರಣವನ್ನು ಸೀಸೆಗೆ ತುಂಬಿ ಮುಚ್ಚಿಡಲೂಬಾರದು, ಒಳಗೆ ಗಾಳಿ ತುಂಬಿ ಸೀಸೆ ಸಿಡಿಯಬಹುದು.

ಮಿಶ್ರಣವನ್ನು ಕೊಬ್ಬರಿ ಎಣ್ಣೆಯಂತೆ ನೆತ್ತಿಗೆ ಸುರಿದು ತಿಕ್ಕುವುದು ತಪ್ಪು. ತಲೆಯ ಶಾಖಕ್ಕೆ ಬುಡದ ಕೂದಲು ಬೇಗ ತಿಳಿಯಾಗುತ್ತದೆ, ತುದಿ ಹಿಂದೆ ಬೀಳುತ್ತದೆ. ಆದ್ದರಿಂದ ಬುಡದಿಂದ 1 ಸೆಂ.ಮೀ. ಬಿಟ್ಟು ಮೊದಲು ನಡು ಮತ್ತು ತುದಿಗೆ ಹಚ್ಚಿ, 10 ನಿಮಿಷದ ನಂತರ ಬುಡಕ್ಕೆ ಬರಬೇಕು. ಬದಿಗೆ ಸಣ್ಣಗೆ ಕತ್ತರಿಸಿಕೊಂಡವರು ನೆತ್ತಿಯ ಮೇಲಿನ ಕೂದಲಿಗಷ್ಟೇ ಹಚ್ಚಿದರೆ ಪುಡಿಯೂ ಉಳಿಯುತ್ತದೆ, ನೋಡಲೂ ಚೆನ್ನ. ಐದೈದು ನಿಮಿಷಕ್ಕೊಮ್ಮೆ ಒಂದೆರಡು ಎಳೆ ಒರೆಸಿ ನೋಡಬೇಕು. ಬಿಸಿಲಿಗೆ ಹೋಗುವುದು, ಡ್ರೈಯರ್ ಹಿಡಿಯುವುದು ಬೇಡ. ಬಣ್ಣ ಬರಲಿ ಬಿಡಲಿ, 30 ನಿಮಿಷಕ್ಕೆ ತಣ್ಣೀರಿನಲ್ಲಿ ತೊಳೆಯಬೇಕು. ತಲೆ ಉರಿಯತೊಡಗಿದರೆ ಗಡಿಯಾರ ನೋಡದೆ ತಕ್ಷಣ ತೊಳೆಯಬೇಕು.

ಕೊಳವೆಬಾವಿಯ ಗಡಸು ನೀರಿಗೆ ಬ್ಲೀಚ್ ಆದ ಕೂದಲು ಒರಟಾಗುತ್ತದೆ. ಕೊನೆಯ ಒಂದೆರಡು ಚೊಂಬಿಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ಬಳಸಿದರೆ ಮೇಲು. ಕಿತ್ತಳೆ ಛಾಯೆ ತಗ್ಗಿಸಲು ನೀಲಿ ಶಾಂಪೂ, ಹಳದಿ ತಗ್ಗಿಸಲು ನೇರಳೆ ಶಾಂಪೂ. ಇನ್ನೊಮ್ಮೆ ಹಚ್ಚುವುದಿದ್ದರೆ ತಿಂಗಳ ಮೇಲೆ. ಮಿಶ್ರಣ ಕಣ್ಣಿಗೆ ಬಿದ್ದರೆ 15 ನಿಮಿಷ ಬಿಡದೆ ನೀರು ಹಾಯಿಸಿ, ಮನೆಮದ್ದು ಹುಡುಕದೆ ನೇರ ಆಸ್ಪತ್ರೆಗೆ ಹೋಗಬೇಕು, ಪೊಟ್ಟಣವನ್ನೂ ಜೊತೆಗೆ ಒಯ್ಯಬೇಕು.